ಕಡ್ಡಿಪೆಟ್ಟಿಗೆಯ ಟ್ರ್ಯಾಕ್ಟರ್

ಆಗೆಲ್ಲ ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಬ್ಬೂರಿನ ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳೇ. ಅವುಗಳ ಹಿಂದೆ ಓಡಿ ಕಬ್ಬು ಹಿರಿದು ತಿಂದವರು ನಿಮ್ಮಲ್ಲೂ ಇದ್ದಾರೆ.

ಆ ವರ್ಷ ಅವ್ವ, ಅಪ್ಪ ಇಬ್ಬರೂ ಕಬ್ಬು ಕಡಿಯಲು ಹೋಗುತ್ತಿದ್ದರು. ನನಗೆ ಐದು ವರ್ಷ, ತಮ್ಮ ಇನ್ನೂ ಅಂಬೆಗಾಲಿಡುವ ಕೂಸು. ನಮ್ಮನ್ನು ನೋಡಿಕೊಳ್ಳಲು ಆರನೇ ಇಯತ್ತೆಯಲ್ಲಿದ್ದ ಅಕ್ಕ ಶೋಭಾ ಶಾಲೆ ಬಿಟ್ಟು ಉಳಿದಳು.

"ಹಂಗಾಮ ಮುಗೀಲಿ, ಮತ್ತ ಸಾಲಿಗಿ ಹೋಗೀಯಂತ" ಎಂದಿದ್ದಳು ಅವ್ವ.

ಅಕ್ಕ ಸುಮ್ಮನೆ ಕೂಡುವವಳಲ್ಲ. ಕಡ್ಡಿಪೆಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಮಾಡಿದಳು. ಹರಿದ ಹವಾಯಿ ಚಪ್ಪಲಿ ಕೊಯ್ದು ಗಾಲಿ, ಕಸಬರಿಗೆಯ ಕಡ್ಡಿ ಮುರಿದು ಅಚ್ಚು. ಹಿಂದಿನ ಒಂದೊಂದು ಟ್ರೇಲರಿನ ಮೇಲೂ ಇದ್ದಿಲಿನಲ್ಲಿ ಬರೆದ ಒಂದೊಂದು ಅಕ್ಷರ. 'ಮ'ದ ಹಿಂದೆ 'ರ' ಕೊಂಡಿ ಹಾಕಿದರೆ ಮರ. ನಾನು ತಪ್ಪಿದರೆ ಗಾಡಿಯನ್ನೇ ಉರುಳಿಸುತ್ತಿದ್ದಳು.

"ಪಲ್ಟಿ ಆತ ನೋಡ. ಡ್ರೈವರ್ ನಿದ್ದಿ ಹೊಡ್ಯಾಕತ್ತಾಳ."

ತಮ್ಮ ಕೇಕೆ ಹಾಕುತ್ತಿದ್ದ. ಲೆಕ್ಕವೂ ಅದರಲ್ಲೇ. ಜೋಳದ ದಂಟಿನ ಚೂರುಗಳೇ ನಮ್ಮ ಕಬ್ಬು. ಹತ್ತು ಸೇರಿಸಿ ಕಟ್ಟಿದರೆ ಒಂದು ಮೋಳಿ.

"ಎರಡ ಮೋಳಿ, ಮ್ಯಾಲ ಮೂರ ಕಬ್ಬ. ಎಷ್ಟಾತ ಬೇ?"

"ಇಪ್ಪತ್ಮೂರ."

"ಹಂಗಾರ ಫ್ಯಾಕ್ಟರಿಗಿ ಬಿಡ."

ಹಂಗಾಮು ಮುಗಿಯಿತು. ಒಂದು ಸಂಜೆ ಅವ್ವ, ಅಪ್ಪನ ಮುಂದೆ ಟ್ರೇಲರುಗಳನ್ನು ಜೋಡಿಸಿ ಜೋಡಿಸಿ ಗಟ್ಟಿಯಾಗಿ ಓದಿದೆ. ಅಕ್ಕನ ಮುಖ ಅರಳಿತ್ತು. ಅವ್ವ ಅಪ್ಪನ ಕಡೆ ತಿರುಗಿದಳು.

"ಸಣ್ಣಾಕಿ ಚುರುಕ ಅದಾಳ. ಈಕೀನ್ನ ಸಾಲಿಗಿ ಹಾಕೂಣು. ನಾ ಹೊಲದಾಗ ಕಸಾ ತಗ್ಯಾಕ ಹೋದ್ರ ಕೂಸಿಗಿ ಶೋಭಾ ಅದಾಳ. ಆಡ್ಸಾಕ ಆಕಿಗೇ ಚಂದ ಬರತೈತಿ."

ಅಕ್ಕನ ಮುಖ ಸಣ್ಣದಾಯಿತು. ಜೂನಿನಲ್ಲಿ ಅವಳ ಶಾಲೆಯ ನೀಲಿ ಲಂಗವನ್ನು ನನ್ನ ಅಳತೆಗೆ ಕತ್ತರಿಸಿ ಹೊಲಿಸಿದರು. ಅವಳೇ ತೊಡಿಸಿದಳು. ನಾನು ಕುಣಿಯುತ್ತ ಹೋದೆ.

ಅಕ್ಕ ಈಗ ಭೋಜದಲ್ಲಿ, ಗಂಡನ ಮನೆಯಲ್ಲಿದ್ದಾಳೆ. ಕಳೆದ ದೀಪಾವಳಿಗೆ ಅವಳು ಚಕ್ಕಲಿ ಒತ್ತುತ್ತಿದ್ದಾಗ ಕೇಳಿಯೇಬಿಟ್ಟೆ.

"ನನ್ನ ಮ್ಯಾಲ ಸಿಟ್ಟ ಇಲ್ಲೇನ ಅಕ್ಕಾ?"

"ಇತ್ತ. ನೀ ನಡುವ ಸಾಲಿ ಬಿಟ್ಟಿದ್ದೆಂದ್ರ ಇನ್ನೂ ಇರ್ತಿತ್ತ" ಎಂದಳು, ಕೈ ನಿಲ್ಲಿಸದೆ.

ನಮ್ಮ ಮನೆತನದ ಮೊದಲ ಪದವಿ ನನ್ನದು. ರಜೆಯಲ್ಲಿ ಕೂಲಿ ಮಾಡಿ ಓದಿದ್ದು. ಹೆಮ್ಮೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅಕ್ಕ ಎಲ್ಲಿಯವರೆಗೆ ಓದುತ್ತಿದ್ದಳೋ ಯಾರಿಗೂ ಗೊತ್ತಾಗದೇ ಹೋಯಿತು. ಜನ ನನ್ನನ್ನು ಹೊಗಳುವಾಗೆಲ್ಲ ಅನಿಸುತ್ತದೆ: ಆ ಸಂಜೆ ನಾನು ಒಂದೆರಡು ಕಡೆಯಾದರೂ ತಪ್ಪು ಓದಬಹುದಿತ್ತು.