ಬೇವಿನ ಗಿಡದ ಹಿಂದಿನ ಗೋಡೆ

ನಾನು ಮೊದಲಿಂದಲೂ ಸಂಶಯದ ಮನುಷ್ಯ. ಹೆಂಡತಿ ಇದ್ದಾಗ, "ನಿಮಗ ಹಾಲಿನ ಗಡಿಗ್ಯಾಗೂ ಕಳ್ಳ ಕಾಣ್ತಾನ" ಎಂದು ನಗುತ್ತಿದ್ದಳು.

ಬೆಟಗೇರಿಯ ನಮ್ಮ ಮನೆಯ ಹಿಂದಿನ ಕಂಪೌಂಡ್ ಗೋಡೆ ರಸ್ತೆಯ ಮಗ್ಗುಲಲ್ಲಿದೆ. ಅಲ್ಲಿನ ಬೇವಿನ ಗಿಡದ ನೆರಳಲ್ಲಿ ಒಬ್ಬ ಚಪ್ಪಲಿ ಹೊಲಿಯಲು ಕೂಡುತ್ತಿದ್ದ. ಹತ್ತಿರದ ಹರ್ತಿ ಹಳ್ಳಿಯವನು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ. ಗೋಡೆಯ ಮೂಲೆಯಲ್ಲಿ ಮಾತ್ರ ಸದಾ ಮೂತ್ರದ ನಾತ. ಮಾಡಬಾರದೆಂದು ಬಣ್ಣದಲ್ಲಿ ಬರೆಸಿದೆ. ಆ ಅಕ್ಷರದ ಮೇಲೆಯೇ ಮಾಡಿದರು. ಇದು ಅವನ ಗಿರಾಕಿಗಳ ಕೆಲಸವೇ ಎಂದು ನಾನು ತೀರ್ಮಾನಿಸಿದೆ. ಅವನನ್ನು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆಂದೂ ನಾನೇ ತೀರ್ಮಾನಿಸಿದ್ದೆ.

ಒಂದು ಮದುವೆಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಉದ್ದನೆಯ ಗೋಡೆಯೊಂದು ಕಣ್ಣಿಗೆ ಬಿತ್ತು. ಒಣಗಿ ಸ್ವಚ್ಛವಾಗಿತ್ತು. ಅದರ ಮೇಲೆ ದೇವರ ಚಿತ್ರವಿದ್ದ ಟೈಲ್ಸ್ ಅಂಟಿಸಿದ್ದರು. ಊರಿಗೆ ಬಂದವನೇ ಅಂಥದೊಂದು ಕೊಂಡೆ. ಯಾವ ದೇವಿ ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

ಗೌಂಡಿ ಮೂಲೆಗೆ ಸಿಮೆಂಟು ಕಲಸುತ್ತಿದ್ದ. ನಾನು ಅವನನ್ನು ತಡೆದು ಬೇವಿನ ಗಿಡದ ಹಿಂದೆ, ಚಪ್ಪಲಿಯವನು ಕೂಡುವ ಜಾಗದ ನೇರ ಮೇಲೆ ಅಂಟಿಸಲು ಹೇಳಿದೆ.

"ನಾತ ಅಲ್ಲೈತ್ರಿ ಅಜ್ಜಾರ," ಎಂದ ಗೌಂಡಿ.

"ದೇವಿ ಕಣ್ಣು ಎಲ್ಲಾ ಕಡೆ ಇರತೈತಿ. ನೀ ಅಂಟಸು."

ಮರುದಿನ ಮುಂಜಾನೆ ಮಾಳಿಗೆಯಿಂದ ಕದ್ದು ನೋಡಿದೆ. ಅವನು ಗೋಣಿತಟ್ಟು ಹಾಸಿ, ತಲೆ ಎತ್ತಿ, ಎದೆಗೆ ಕೈ ಮುಟ್ಟಿಸಿಕೊಂಡು, ತಟ್ಟನ್ನು ತುಸು ಆಚೆ ಎಳೆದ. ಎರಡು ದಿನದಲ್ಲಿ ಯಾರೋ ದೇವಿಗೆ ಕುಂಕುಮ ಹಚ್ಚಿದರು. ಆಮೇಲೆ ಹೂವು, ಊದಿನಕಡ್ಡಿ, ಕೆಳಗೆ ರಂಗೋಲಿ. ಒಬ್ಬರು ಆಕೆಯನ್ನು ಲಕ್ಷ್ಮಿ ಎಂದರು, ಇನ್ನೊಬ್ಬರು ಎಲ್ಲಮ್ಮ ಎಂದರು. ರಂಗೋಲಿ ಹಿಗ್ಗಿದಂತೆ ಅವನ ತಟ್ಟು ಬಿಸಿಲಿಗೆ ಸರಿಯಿತು. ಏಳು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಒಂದು ದಿನ ಅವನೇ ನಮ್ಮ ಬಾಗಿಲಿಗೆ ಬಂದ. "ಅಜ್ಜಾರ, ಆಕಿ ಯಾವ ದೇವಿರಿ?"

"ಯಾಕೋ?"

"ಹೆಸರು ಗೊತ್ತಿದ್ರ ತಪ್ಪಾತವ್ವಾ ಅಂತ ಬೇಡ್ಕೊಳ್ಳಾಕ ಬರತೈತಿ. ತಲಿ ಮ್ಯಾಲ ಆಕಿ, ಕೈಯಾಗ ಮಂದಿ ಚಪ್ಪಲಿ. ಕೈ ಓಡವಲ್ದು."

"ದೇವರು ಏನೂ ಅನ್ನೂದಿಲ್ಲ. ಹೋಗಿ ಕುಂಡ್ರು," ಎಂದೆ. ಕುಂಡ್ರಬೇಡ ಎನ್ನುವ ದನಿಯಲ್ಲೇ ಅಂದೆ.

ಕೆಲವು ದಿನಗಳಾದ ಮೇಲೆ ಅವನು ಬರುವುದನ್ನು ಬಿಟ್ಟ. ನಾತ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಎದುರಿನ ಚಹಾದಂಗಡಿಯ ಹೆಂಗಸಿನ ಬಳಿ ಗೊಣಗಿದೆ.

"ಅಂವ ಇದ್ದಾಗ ಹಗಲೊತ್ತು ಒಬ್ಬರನ್ನೂ ಆ ಮೂಲಿಗೆ ನಿಂದ್ರಾಕ ಬಿಡ್ತಿದ್ದಿಲ್ರಿ," ಎಂದಳು ಆಕೆ. "ಅವ್ವ-ಅಪ್ಪನ್ನ ಎತ್ತಿ ಬೈದು ಓಡಸ್ತಿದ್ದ. ಅಂವ ಬಸ್ ಹತ್ತಿದ ಮ್ಯಾಲ ಬರೂ ಮಂದಿ ಈಗ ಹಗಲಽ ಬರಾಕತ್ತಾರ. ನಿಮಗ ಗೊತ್ತಿದ್ದಿಲ್ಲೇನು?" ಸೋಸುತ್ತಿದ್ದ ಚಹಾ ಕೆಳಗಿಟ್ಟು ನಕ್ಕಳು. "ಆದ್ರೂ ಪುಣ್ಯಾ ಕಟ್ಕೊಂಡ್ರಿ ಬಿಡ್ರಿ. ಆಕಿ ಬಂದಾಗಿಂದ ನನ್ನ ಚಾ ಜೋರು ನಡದೈತಿ."

ಅಂದು ಮಧ್ಯಾಹ್ನವೇ ಸುತ್ತಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ ಟೈಲ್ಸ್ ಅದು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಯಾರೂ ಅಡ್ಡ ಬರಲಿಲ್ಲ. ಹಣೆಯ ಕುಂಕುಮ ಹಸಿಯಾಗಿತ್ತು. ನನ್ನ ಕೈ ಏಳಲಿಲ್ಲ.

ಹುಡುಕಿಕೊಂಡು ಹೋದಾಗ ಅವನು ಗದಗಿನ ಬಸ್‌ಸ್ಟ್ಯಾಂಡಿನ ಹೊರಗೆ, ಹರಿದ ಛತ್ರಿಯ ಕೆಳಗೆ ಸಿಕ್ಕ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: "ತಮ್ಮಾ, ಆಕಿನ್ನ ಅಂಟಿಸಿದ್ದು ನಾತಕ್ಕಲ್ಲ. ನಿನ್ನ ಎಬ್ಬಸಾಕ ಅಂಟಿಸಿದೆ. ತಪ್ಪಾತು. ನಮ್ಮ ಮುಂಬಾಗಲ ಕಟ್ಟಿ ಮ್ಯಾಲ ಬಂದು ಕುಂಡ್ರು. ನೆರಳೈತಿ."

ಅವನು ದಾರ ಎಳೆದು ಬಿಗಿದ. "ಗೊತ್ತಿತ್ರಿ. ಗೌಂಡಿ ಅವತ್ತಽ ಹೇಳಿದ್ದ."

"ಮತ್ತ ಯಾವ ದೇವಿ ಅಂತ ಯಾಕ ಕೇಳಿದಿ?"

"ನೀವು ಖರೇ ಹೇಳ್ತೀರೇನೋ ಅಂತ."

ಅವನೇ ಮುಂದುವರಿಸಿದ: "ಯಾರರೇ ಅಂಟಿಸಿರ್ಲಿ, ದೇವಿ ದೇವಿನಽ ಅಲ್ಲೇನ್ರಿ? ಆಕಿ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನಿಮ್ಮ ಕಟ್ಟಿ ಮ್ಯಾಲ ಕುಂತ್ರ, ಮುಂಜಾನೆ ಬಂದ ಕೂಡ್ಲೆ ಮದ್ಲ ತಲಿ ಮ್ಯಾಲ ಏನೈತಿ ಅಂತ ನೋಡಬೇಕಾಗತೈತಿ. ಬ್ಯಾಡ್ರಿ ಅಜ್ಜಾರ. ಇಲ್ಲಿ ಬಿಸಿಲೊಂದಽ ಐತಿ."