ಹಿತ್ತಲಿಗೆ ಹೋಗಿ ಕೂರುತ್ತಿದ್ದ ರತ್ನಕ್ಕ

ಯಾರ ಮನೆಗೆ ಹೋದರೂ ರತ್ನಕ್ಕ ಪಡಸಾಲೆಯಲ್ಲಿ ಕೂರುತ್ತಿರಲಿಲ್ಲ. ಅಡುಗೆಮನೆ ದಾಟಿ ನೇರ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಎತ್ತರದ, ಒಣಕಲು ಮೈಯ ಹೆಂಗಸು. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ ಅವಳಿಗೆ ಯಾವಾಗಲೂ ಗಿಡ್ಡವೇ. ಹಿಮ್ಮಡಿಯ ಮೇಲೆ ನಾಲ್ಕು ಬೆರಳು ಕಾಲು ಕಾಣುತ್ತಿತ್ತು. "ಪಡಸಾಲ್ಯಾಗ ಕುಂತ್ರ ಎಲ್ಲಾರೂ ಸಾಲ್ಯಾಗ ಉತ್ತರ ಹೇಳಿದಂಗ ಹೇಳತಾರ್ರಿ ಬಾಯಾರ. ಹಿತ್ತಲದಾಗ ಕುಂತು ಕೇಳಬೇಕು" ಎನ್ನುತ್ತಿದ್ದಳು.

ನಾನು ಮುನವಳ್ಳಿ ಹತ್ತಿರದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ, ಊರವರ ಪಾಲಿಗೆ 'ಬಾಯಾರ' ಆಗಿ, ಹೋದಾಗ ಅವಳು ಅಲ್ಲಿ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ವಯಸ್ಸಿನಲ್ಲಿ ನಮ್ಮವ್ವನಿಗಿಂತ ಸ್ವಲ್ಪ ಚಿಕ್ಕವಳು. ರತ್ನಕ್ಕ ಹೋದ ವರ್ಷ ತೀರಿಕೊಂಡಳು. ಸುದ್ದಿ ಬಂದಾಗ ನಾನು ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ಫೋನ್ ಇಟ್ಟು, ಉಳಿದ ಮಕ್ಕಳಿಗೂ ಹಾಕಿ ಮುಗಿಸಿದೆ.

ಆ ಊರಿನ ಹೆಂಗಸರಲ್ಲಿ ಬಹಳ ಜನ ಮಿಶ್ರಿ ಹಚ್ಚುತ್ತಿದ್ದರು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ ಅದು; ಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕುತ್ತಾರೆ. ಅದನ್ನು ಬಿಡಿಸಲೇಬೇಕೆಂದು ನಾನು ಬಂದ ತಿಂಗಳಲ್ಲೇ ಅಂಗನವಾಡಿಯಲ್ಲಿ ಹೆಂಗಸರನ್ನು ಸೇರಿಸಿದೆ. ಕ್ಯಾನ್ಸರಿನಿಂದ ತೂತುಬಿದ್ದ ಕೆನ್ನೆಗಳ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಅರ್ಧ ತಾಸು ಮಾತಾಡಿದೆ. ಯಾರು ಬಿಡುತ್ತೀರಿ ಎಂದು ಕೇಳಿದರೆ ಎಲ್ಲರೂ ಕೈ ಎತ್ತಿದರು. ನನಗೆ ಖುಷಿಯೋ ಖುಷಿ. ರತ್ನಕ್ಕ ಒಂದು ಮೂಲೆಯಲ್ಲಿ ಕೂತಿದ್ದಳು.

ಮಧ್ಯಾಹ್ನ ನನ್ನನ್ನು ಬಸವ್ವ ಎಂಬವಳ ಮನೆಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದವಳೇ ಬಸವ್ವ. ಹಿತ್ತಲ ಗೋಡೆಗೆ ಒರಗಿ, ಬೆರಳನ್ನು ಬಾಯಲ್ಲಿಟ್ಟುಕೊಂಡು ಮಿಶ್ರಿ ತಿಕ್ಕುತ್ತ ಕೂತಿದ್ದಳು. ನಾನು ಮಾತು ತೆಗೆಯುವ ಮೊದಲೇ ರತ್ನಕ್ಕ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಮೊದಲ ಯಾವಾಗ ಹಚ್ಚಿದಿ ಬಸವ್ವಾ?" ಎಂದಳು, ಮಗಳ ಲಗ್ನ ಯಾವಾಗ ಎಂದು ಕೇಳುವ ಹಾಗೆ.

"ಲಗ್ನಾದ ವರ್ಷ ಅಕ್ಕಾ. ಎಲ್ಲಾರೂ ಉಂಡ ಎದ್ದ ಮ್ಯಾಲ ನನ್ನ ಪಾಳಿ. ಅಲ್ಲೀತನಕ ಹೊಟ್ಟಿ ಸುಡತಿತ್ತು. ನಮ್ಮತ್ತಿ ಒಂದು ಚಿಟಿಕಿ ಕೊಟ್ಳು. ಹಸಿವು ಸತ್ತಂಗಾತು."

"ಈಗರೆ ಉಣ್ಣಾಕ ಐತೆಲ್ಲ?"

ಬಸವ್ವ ಎದ್ದು ಉಗುಳಿ ಬಂದಳು. "ಐತಿ. ಆದ್ರ ಸುಮ್ನ ಕುಂತ್ರ ಯಾರರೆ ಒದರತಾರ. ಬಾಯಾಗ ಬೆರಳ ಇತ್ತಂದ್ರ, ಮಿಶ್ರಿ ಹಚ್ಚಾಕತ್ತಾಳ, ಆಮ್ಯಾಲ ಬರತಾಳ ಬಿಡು ಅಂತಾರ. ದಿನದಾಗ ನಾ ಕುಂದ್ರೂದು ಇಷ್ಟ ನೋಡು."

ರತ್ನಕ್ಕ ಮಿಶ್ರಿ ಬಿಡು ಎನ್ನಲಿಲ್ಲ. ಅಂದೇ ಸಂಜೆ ಬಸವ್ವನ ಗಂಡನನ್ನು ಕಂಡಳು. "ಅಣ್ಣಾರ, ಮಧ್ಯಾಹ್ನ ಉಂಡ ಮ್ಯಾಲ ನಿಮ್ಮ ಮನ್ಯಾಕಿನ್ನ ಸ್ವಲ್ಪ ಹೊತ್ತು ಯಾರೂ ಕರೀಬ್ಯಾಡ್ರಿ. ಒಂದು ಕಪ್ ಚಾ ಕೊಟ್ಟು ಕುಂದ್ರಾಕ ಬಿಡ್ರಿ."

ಅವನು ಗಾಬರಿಯಾದ. "ಯಾಕ್ರಿ, ಏನಾಗೇತಿ ಆಕಿಗಿ?"

"ಏನೂ ಆಗಿಲ್ಲ. ಆಗಬಾರದಂತ ಹೇಳಾಕತ್ತೇನಿ."

ಆಮೇಲೆ ಎಷ್ಟೋ ಮಧ್ಯಾಹ್ನ ತಾನೂ ಹೋಗಿ ಬಸವ್ವನ ಪಕ್ಕ ಕೂತಳು. ಬಸವ್ವ ಕಡಿಮೆ ಮಾಡಿದಳು, ಬಿಟ್ಟಳು, ಮಗಳ ಬಾಣಂತನದಲ್ಲಿ ಮತ್ತೆ ಹಿಡಿದಳು. ನನಗೆ ಸಿಟ್ಟು ಬಂತು. ರತ್ನಕ್ಕ ಮಾತ್ರ "ಹೌದ? ಅವತ್ತ ಏನಾಗಿತ್ತು?" ಎಂದಷ್ಟೇ ಕೇಳಿದಳು. ಮೂರು ದಿನ ನಿದ್ದೆಯಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಕೊನೆಗೊಮ್ಮೆ ಬಸವ್ವ ಪೂರ್ತಿ ಬಿಟ್ಟಳು. ಪಕ್ಕದ ಮನೆಯ ಇಬ್ಬರು ಬಿಡಲೇ ಇಲ್ಲ. ರತ್ನಕ್ಕ ಅವರ ಮನೆಗೆ ಹೋಗುವುದನ್ನೂ ಬಿಡಲಿಲ್ಲ.

ನಮ್ಮವ್ವ ಬೈಲಹೊಂಗಲದಲ್ಲಿದ್ದಳು. ಅವಳೂ ಮಿಶ್ರಿ ಹಚ್ಚುತ್ತಿದ್ದಳು. ರತ್ನಕ್ಕನಿಂದ ಇಷ್ಟೆಲ್ಲ ನೋಡಿದ ಮೇಲೂ, ಮನೆಗೆ ಹೋದಾಗಲೆಲ್ಲ ನಾನು ಅವಳಿಗೆ ಬೈಯುತ್ತಿದ್ದೆ. ಒಮ್ಮೆ ಡಬ್ಬಿಯನ್ನು ಗಟಾರಕ್ಕೆ ಎಸೆದೆ. ಮುಂದಿನ ಸಲ ಹೋದಾಗ "ಬಿಟ್ಟೇನವಾ" ಎಂದಳು. ನಂಬಿದೆ.

ಸಂಬಂಧಿಕರ ಮದುವೆಗೆಂದು ಬೈಲಹೊಂಗಲಕ್ಕೆ ಬಂದ ರತ್ನಕ್ಕನನ್ನು ಒಂದು ಭಾನುವಾರ ಊಟಕ್ಕೆ ಕರೆದೆ. ಉಂಡು ಕೈ ತೊಳೆಯಲು ಹೋದವಳು ಅವ್ವನ ಜೊತೆ ಹಿತ್ತಲಲ್ಲೇ ಉಳಿದಳು. ಒಂದು ತಾಸಿನ ಮೇಲೆ ಒಳಗೆ ಬಂದು, ದನಿ ತಗ್ಗಿಸಿ ಹೇಳಿದಳು.

"ಬಾಯಾರ, ನಾಳೆ ನಿಮ್ಮವ್ವನ್ನ ಬೆಳಗಾವಿಗಿ ಕರಕೊಂಡ ಹೋಗ್ರಿ. ಗಲ್ಲದ ಒಳಗ ಗಂಟು ಐತಿ. ಬಾಯಿ ಪೂರ್ತಿ ತೆಗಿಯಾಕ ಬರವಲ್ದು ಆಕಿಗಿ."

"ನನಗ ಯಾಕ ಹೇಳಲಿಲ್ಲ?"

"ನಿಮಗ ಅಂಜಿದ್ಳು. ಬಿಟ್ಟೇನಿ ಅಂತ ಹೇಳಿದ್ಳಲ್ಲ, ಗಂಟು ತೋರಿಸಿದ್ರ ಬಿಟ್ಟಿಲ್ಲಂತ ಗೊತ್ತಾಗತೈತಿ ಅಂತ."

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಅವ್ವನಿಗೆ ಮಾತು ಹೋಯಿತು. ಮೂಗಿನ ನಳಿಕೆಯಲ್ಲಿ ಗಂಜಿ ಹಾಕಿದೆ, ಗಾಯ ತೊಳೆದೆ, ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟೆ. ಒಳ್ಳೆಯ ನರ್ಸ್ ಮಾಡುವುದನ್ನೆಲ್ಲ ಮಾಡಿದೆ. ವರ್ಷ ತುಂಬುವುದರೊಳಗೆ ಅವ್ವ ಹೋದಳು. ನಾನು ಅಳಲಿಲ್ಲ. ದಿನಕರ್ಮ ಮುಗಿಸಿ ಕೆಲಸಕ್ಕೆ ಹಾಜರಾದೆ.

ಒಂದು ದಿನ ಉಪಕೇಂದ್ರದಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ. "ರತ್ನಕ್ಕಾ, ನಾ ಬೈದಿರಲಿಲ್ಲಂದ್ರ ಅವ್ವ ಮೊದಲ ಹೇಳತಿದ್ಳೇನು?"

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಹೇಳತಿದ್ಳೇನೋ ಬಾಯಾರ. ನನಗೂ ಗೊತ್ತಿಲ್ಲ" ಎಂದಳು. ಅಷ್ಟು ಹೇಳಿ ನನ್ನ ಪಕ್ಕದಲ್ಲೇ ಕೂತಳು. ಕೇಂದ್ರದ ಬಾಗಿಲು ಹಾಕುವ ಹೊತ್ತಿನವರೆಗೂ ಏಳಲಿಲ್ಲ.

ಮುಂದೆ ನನಗೆ ಕಿತ್ತೂರಿನ ಕಡೆಗೆ ವರ್ಗವಾಯಿತು. ಹೊರಟ ದಿನ ಮುನವಳ್ಳಿ ಬಸ್ ಸ್ಟ್ಯಾಂಡಿಗೆ ಬಂದಳು. ಅದೇ ಕೊನೆಯ ಭೇಟಿ. ಕಿಟಕಿಯಿಂದ ಒಂದು ಬಟ್ಟೆಯ ಗಂಟು ಕೊಟ್ಟಳು. ಒಳಗೆ ಎರಡು ರೊಟ್ಟಿ, ಶೇಂಗಾ ಚಟ್ನಿ.

"ಅವ್ವ ಹೋದಾಗಿಂದ ನೀವು ಅತ್ತಿಲ್ಲ" ಎಂದಳು.

"ಬರವಲ್ದು ರತ್ನಕ್ಕಾ."

"ಬರಲಿಲ್ಲಂದ್ರ ಬ್ಯಾಡ ಬಿಡ್ರಿ. ಆದ್ರ ಉಣ್ಣೂದು ತಪ್ಪಸಾಕತ್ತೀರಿ, ನಾ ನೋಡಾಕತ್ತೇನಿ. ಬಸ್ ಹೊಂಟ ಕೂಡ್ಲೆ ಬಿಚ್ಚಿ ತಿನ್ರಿ."

ಬಸ್ಸು ಹೊರಟಿತು. ಊರು ದಾಟಿದ ಮೇಲೆ ತೊಡೆಯ ಮೇಲೆ ಗಂಟು ಬಿಚ್ಚಿದೆ. ರುಚಿ ಗೊತ್ತಾಗಲಿಲ್ಲ. ಎರಡು ರೊಟ್ಟಿಯನ್ನೂ ತಿಂದೆ.