ಉಪ್ಪುನೀರಿನ ಟಾಕಿ

ನಮ್ಮ ಮನೆಯ ಪಾವರ್‌ಲೂಮ್ ಶೆಡ್ಡಿನ ಮೂಲೆಯಲ್ಲಿ ಒಂದು ಸಿಮೆಂಟಿನ ಟಾಕಿ ಇದೆ. ಅಜ್ಜನ ಕಾಲದ್ದು, ಕೈಮಗ್ಗ ಇದ್ದಾಗಿನದು. ಬೇಸಿಗೆಯಲ್ಲಿ ಬನಹಟ್ಟಿಯ ಗಾಳಿ ಒಣಗಿ ನೂಲು ಪಟಪಟ ಹರಿಯತೊಡಗಿದರೆ ಆ ಟಾಕಿಯ ನೀರನ್ನು ನೆಲಕ್ಕೆ ಚಿಮುಕಿಸುತ್ತಾರೆ. ಮಗ್ಗದಿಂದ ಎದ್ದವರು ಕೈ, ಮುಖ, ಮೂಗು ತೊಳೆಯುವುದೂ ಅದರಲ್ಲೇ. ನಳ ಬಂದ ದಿನ ತುಂಬಿಸಿ, ಒಂದು ಹಿಡಿ ಹರಳುಪ್ಪು ಹಾಕುವುದು ನಮ್ಮಲ್ಲಿ ರೂಢಿ. ಉಪ್ಪು ಬಿದ್ದ ನೀರು ಕೆಡುವುದಿಲ್ಲವಂತೆ. ಟಾಕಿಯನ್ನು ಪೂರ್ತಿ ಬರಿದು ಮಾಡುವುದೂ ಇಲ್ಲ. ತಳದಲ್ಲಿ ಗೇಣು ನೀರು ಇರುವಾಗಲೇ ಹೊಸ ನೀರು ಬೀಳಬೇಕು. ಟಾಕಿ ಒಣಗಿದರೆ ಮಗ್ಗ ನಿಲ್ಲುತ್ತದೆ ಎಂದು ಅಜ್ಜ ಹೇಳಿದ್ದನ್ನು ಅಣ್ಣ ಹೇಳುತ್ತಾನೆ, ಅಣ್ಣ ಹೇಳಿದ್ದನ್ನು ವೈನಿ ಪಾಲಿಸುತ್ತಾಳೆ.

ವೈನಿ ಎಂದರೆ ಅಣ್ಣನ ಹೆಂಡತಿ. ನಾನು ಮದುವೆಯಾಗದೆ ಅವರ ಜೊತೆಯಲ್ಲೇ ಉಳಿದವಳು. ದಿನಾ ಬಸ್ಸು ಹಿಡಿದು ಜಮಖಂಡಿಗೆ ಹೋಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಸಿಟ್ಟಿನವಳೆಂದು ಹುಡುಗರು ಹೆಸರಿಟ್ಟಿದ್ದಾರೆ. ಸುಳ್ಳಲ್ಲ.

ಆದರೆ ನಾನು ಓದಿದ್ದು ಕಾರವಾರದಲ್ಲಿ, ಕಡಲ ಅಮೀಬಾಗಳನ್ನು. ನೇಕಾರರ ಮಗಳು, ಅಲ್ಲಿಯವರೆಗೆ ಕೃಷ್ಣೆಯ ಹಿನ್ನೀರಿಗಿಂತ ದೊಡ್ಡ ನೀರು ಕಂಡವಳಲ್ಲ. ಕಡಲಿನ ಇಳಿತದ ಹೊತ್ತಿನಲ್ಲಿ ಹೋಗಿ ಪಾಚಿ, ಕೆಸರು, ಕಲ್ಲಿನ ಮೇಲಿನ ಲೋಳೆ ತರುತ್ತಿದ್ದೆವು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹಚ್ಚಿ ಬಿಟ್ಟರೆ ಅಮೀಬಾಗಳು ತಾವೇ ಮೇಯುತ್ತ ಹೊರಗೆ ಬರುತ್ತಿದ್ದವು. ಅವುಗಳನ್ನು ವಿಂಗಡಿಸಿ ಹೆಸರಿಡುವುದು ನಮ್ಮ ಕೆಲಸ.

ಈ ವಿಂಗಡಣೆ ಎಷ್ಟು ತಲೆನೋವಿನದು ಎಂದು ಹುಡುಗರಿಗೆ ತಿಳಿಸಲು ನಾನು ನಾಯಿಯ ಉದಾಹರಣೆ ಕೊಡುತ್ತೇನೆ. ಉದ್ದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ ಕಂಡರೆ ಮುಧೋಳ ನಾಯಿ ಎಂದು ಯಾರಾದರೂ ಹೇಳಿಯಾರು. ಗಳಿಗೆಗೊಂದು ಆಕಾರ ತಾಳುವ ನಾಯಿ ಇದ್ದರೆ ಹೇಗೆ ಗುರುತಿಸುತ್ತೀರಿ? ಆಗ ಅದು ಓಡುವ ರೀತಿಯನ್ನು ನೋಡಬೇಕು. ಕೆಲವು ಅಮೀಬಾ ಬೀಸಣಿಗೆಯಂತೆ ಮುಂದೆ ಹರಡಿಕೊಂಡು, ಸುಕ್ಕಿಲ್ಲದೆ ಜಾರುತ್ತವೆ. ಕೆಲವು ಮೈಯಿಂದ ಮೊಂಡು ಬೆರಳು ಚಾಚುತ್ತವೆ. ಕೆಲವು ಇದ್ದಕ್ಕಿದ್ದಂತೆ ಒಂದು ಕಡೆಯಿಂದ ಉಕ್ಕಿ ಮುಂದೆ ಬೀಳುತ್ತವೆ. ಈ ಕೊನೆಯವು ನೋಡಲು ಅಮೀಬಾ, ವಂಶದಲ್ಲಿ ಬೇರೆಯೇ ಕುಲ. ತಳ ಬಿಟ್ಟು ನೀರಿನಲ್ಲಿ ತೇಲತೊಡಗಿದರೆ ಎಷ್ಟೋ ಅಮೀಬಾ ಸುತ್ತಲೂ ಉದ್ದ ಕೈ ಚಾಚಿ ನಕ್ಷತ್ರವಾಗುತ್ತವೆ. ಮೈಮೇಲೆ ಹುರುಪೆ ಹೊದ್ದವೂ ಇವೆ, ಆದರೆ ಅದನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಒಂದರೊಳಗಂತೂ ಅದರ ನ್ಯೂಕ್ಲಿಯಸ್ಸಿನ ಮಗ್ಗುಲಲ್ಲೇ ಮತ್ತೊಂದು ಜೀವ ಮನೆ ಮಾಡಿಕೊಂಡಿರುತ್ತದೆ, ಅಮೀಬಾ ಇಬ್ಭಾಗವಾದಾಗ ಅದೂ ಇಬ್ಭಾಗವಾಗುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಆಮೇಲೆ ಡಿಎನ್‌ಎ ಓದುವ ಕಾಲ ಬಂದು ನಾವು ಆಕಾರ ನೋಡಿ ಕಟ್ಟಿದ ಎಷ್ಟೋ ಮನೆತನಗಳು ಒಡೆದುಹೋದವು. ಒಂದೇ ತೆರನಾಗಿ ಕಂಡವು ನೆಂಟರಲ್ಲ, ನೆಂಟರು ಒಂದೇ ತೆರನಾಗಿ ಕಾಣಲಿಲ್ಲ.

ನಮ್ಮ ತಟ್ಟೆಗಳಲ್ಲಿ ಕರೆಯದೆ ಬರುತ್ತಿದ್ದ ಒಂದು ಅಮೀಬಾ ಇತ್ತು. ಮೈತುಂಬ ಸಣ್ಣ ಮುಳ್ಳು ಮೂಡಿಸಿಕೊಂಡು ತೆವಳುವುದು, ಅಕಾಂತಮೀಬಾ. ಹೊಲದ ಮಣ್ಣು, ನಳದ ನೀರು, ಧೂಳು, ಎಲ್ಲಿ ಬೇಕಾದರೂ ಇರುತ್ತದೆ. ಅನ್ನ ಸಿಗದಿದ್ದರೆ ಎರಡು ಪದರದ ಗೋಡೆ ಕಟ್ಟಿಕೊಂಡು ಒಳಗೆ ಮಲಗಿಬಿಡುತ್ತದೆ. ಒಣಗಿಸಿದರೂ ಸಾಯದು, ಒಂದಿಷ್ಟು ಔಷಧಕ್ಕೂ ಜಗ್ಗದು. ಅದು ಕಂಡರೆ ನಮ್ಮ ಗುರುಗಳು ತಟ್ಟೆ ಎಸೆಯಲು ಹೇಳುತ್ತಿದ್ದರು. ‘ಇದು ನೆಲದ್ದು, ಗಾಳಿಯಲ್ಲಿ ಬಂದದ್ದು. ಕಡಲಿನದಲ್ಲ.’ ಆದರೆ ಎಸೆದಷ್ಟೂ ಬರುತ್ತಿತ್ತು. ಕಡಲ ಕೆಸರಿನಲ್ಲೂ ಅದು ಸುಖವಾಗಿ ಬದುಕುತ್ತದೆಂದು ಆಮೇಲೆ ಓದಿದೆ. ಉಪ್ಪು ಅದಕ್ಕೆ ಬೇಲಿಯೇ ಅಲ್ಲ.

ವೈನಿಯ ಕೆಲಸ ಹಣಿಗೆ ತುಂಬುವುದು. ಹಾಸುನೂಲು ಸುತ್ತಿದ ಹೊಸ ಬೀಮು ಬಂದಾಗ ಅದರ ಒಂದೊಂದು ಎಳೆಯನ್ನೂ ಹಣಿಗೆಯ ಹಲ್ಲುಗಳ ಸಂದಿಯಿಂದ ಕೊಕ್ಕೆಯಲ್ಲಿ ಎಳೆದು ಕೂಡಿಸಬೇಕು. ಒಂದು ಎಳೆ ತಪ್ಪಿದರೆ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ಓಣಿಯಲ್ಲಿ ಬೀಮು ಏರಿದ ಮನೆಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ನಾನು ಸೂಕ್ಷ್ಮದರ್ಶಕ ನೋಡುವವಳು ಎಂದು ಮೆರೆದರೆ ಅಣ್ಣ ನಗುತ್ತಿದ್ದ. ‘ನಿನಗ ಮಿಷನ್ ಬೇಕು, ನಮ್ಮಾಕಿಗೆ ಬರೇ ಕಣ್ಣ ಸಾಕು’ ಎನ್ನುತ್ತಿದ್ದ. ಹಣಿಗೆಯ ಮುಂದೆ ಕೂತರೆ ನೂಲಿನ ಧೂಳು ಕಣ್ಣಿಗೆ ಬೀಳುವುದು ತಪ್ಪದು. ಎದ್ದವಳೇ ಟಾಕಿಗೆ ಹೋಗಿ ಬೊಗಸೆಯಲ್ಲಿ ಉಪ್ಪುನೀರು ಹಿಡಿದು, ಅದರಲ್ಲಿ ಕಣ್ಣು ಅದ್ದಿ ಪಿಳಿಪಿಳಿ ತೆರೆದು ಮುಚ್ಚುತ್ತಿದ್ದಳು. ಅವಳ ಅತ್ತೆಯೂ, ಅಂದರೆ ನನ್ನ ಅವ್ವನೂ, ಹಾಗೇ ಮಾಡುತ್ತಿದ್ದಳು. ಅವ್ವನಿಗೆ ಏನೂ ಆಗಿರಲಿಲ್ಲ.

ಎರಡು ಬೇಸಿಗೆಗಳ ಹಿಂದೆ ವೈನಿಯ ಬಲಗಣ್ಣು ಕೆಂಪಾಯಿತು. ಊರಲ್ಲಿ ಕಣ್ಣುಬೇನೆ ಹರಡಿತ್ತು, ಇದೂ ಅದೇ ಇರಬೇಕೆಂದು ಯಾರೋ ಉಳಿಸಿಟ್ಟಿದ್ದ ಹನಿ ಔಷಧ ತಂದು ಹಾಕಿಕೊಂಡಳು. ಕೆಂಪು ಇಳಿಯಿತು. ‘ನೋಡು, ಹೋತು’ ಎಂದು ನನಗೆ ಕಣ್ಣು ತೆರೆದು ತೋರಿಸಿದಳು. ಅದು ಉರಿಯೂತವನ್ನಷ್ಟೇ ಇಳಿಸುವ ಔಷಧ, ಒಳಗೆ ಹೊಕ್ಕದ್ದನ್ನು ಕೊಲ್ಲುವುದಲ್ಲ. ಕಳ್ಳ ಒಳಗೆ ನುಗ್ಗಿದ ಮೇಲೆ ನಾಯಿಯ ಬಾಯಿ ಕಟ್ಟಿದಂತಾಗಿತ್ತು, ಅಷ್ಟೇ. ಆದರೆ ಅದು ಆಗ ನಮಗಾರಿಗೂ ತಿಳಿಯಲಿಲ್ಲ.

ಆಮೇಲೆ ನೋವು ಬಂತು. ಕಣ್ಣಿನಲ್ಲಿ ಕಾಣುವ ಕೆಂಪಿಗೂ ಅವಳ ಒದ್ದಾಟಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಎರಡು ಹೆರಿಗೆಗೆ ಹಲ್ಲು ಕಚ್ಚಿದವಳು ಗೋಡೆಗೆ ಹಣೆ ಹಚ್ಚಿ ನರಳುತ್ತಿದ್ದಳು. ಬೆಳಕು ತಾಳದೆ ಕಿಟಕಿಗೆ ಸೀರೆ ಕಟ್ಟಿದಳು. ನಾನು ಟಾರ್ಚ್ ಹಿಡಿದು ನೋಡಿದಾಗ ಕರಿಗುಡ್ಡೆಯ ಮೇಲೆ ಮಬ್ಬಾದ ಒಂದು ಬಳೆ ಕಂಡಿತು. ಬಳೆಯ ಆಕಾರದ ಆ ಮಬ್ಬನ್ನು ನಾನು ಓದಿದ್ದೆ, ಚಿತ್ರದಲ್ಲಿ ನೋಡಿದ್ದೆ.

‘ಅಣ್ಣಾ, ಈಗಿಂದೀಗ ಮಿರಜದ ದವಾಖಾನಿಗೆ ಹೊಂಡ್ರಿ. ಇದು ಕಣ್ಣಬ್ಯಾನಿ ಅಲ್ಲ.’

‘ಮತ್ತೇನಬೇ?’

‘ಟಾಕ್ಯಾಗಿನ ಹುಳಾ ಕಣ್ಣಾಗ ಹೊಕ್ಕಿರಬೇಕು.’

ಅಣ್ಣ ನನ್ನನ್ನು ಹುಚ್ಚಿಯಂತೆ ನೋಡಿದ. ‘ಉಪ್ಪ ಹಾಕಿದ ನೀರದು. ಉಪ್ಪಿಗೆ ಎಲ್ಲ್ಯಾರ ಹುಳಾ ಹತ್ತತಾವೇನ? ನೀ ಓದಿ ಓದಿ ಹಿಂಗಾಗೀದಿ.’

ನಾನು ರೇಗಿದೆ. ಕಡಲಿಗೆ ಯಾರು ಉಪ್ಪು ಹಾಕಿದರು, ಅದರಲ್ಲಿ ಹುಳ ಇಲ್ಲವೇನು ಎಂದು ಕೂಗಾಡಿದೆ. ಮಗ್ಗದ ಸದ್ದಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಅದು ಜಗಳವೆಂದು ಓಣಿಯವರಿಗೂ ಅನಿಸಲಿಲ್ಲ.

ಅವರು ಹೊರಟ ಮೇಲೆ ನಾನು ಟಾಕಿಯ ಗೋಡೆಯ ಲೋಳೆಯನ್ನು ಬಾಟಲಿಗೆ ಕೆರೆದುಕೊಂಡು ಕಾಲೇಜಿಗೆ ಒಯ್ದೆ. ಕಾರವಾರದಲ್ಲಿ ಮಾಡಿದಂತೆಯೇ ತಟ್ಟೆಗೆ ಬ್ಯಾಕ್ಟೀರಿಯಾ ಹಚ್ಚಿ, ಮೇಲೆ ಒಂದು ಹನಿ ಬಿಟ್ಟೆ. ಕೆಲವು ದಿನಗಳಲ್ಲೇ ಬಂದವು. ಬೀಸಣಿಗೆಯವೂ ಇದ್ದವು, ನಿರುಪದ್ರವಿಗಳು, ಜಾರುತ್ತ ಮೇಯುತ್ತಿದ್ದವು. ಅವುಗಳ ನಡುವೆ ಮುಳ್ಳಿನವು. ತಟ್ಟೆಯ ಅಂಚಿನಲ್ಲಿ ಗೋಡೆ ಕಟ್ಟಿಕೊಂಡು ಮಲಗಿದವು ಸಾಲುಸಾಲು. ಒಂದು ಕಾಲದಲ್ಲಿ ಕಡಲಿನದಲ್ಲವೆಂದು ಎಸೆದ ಜೀವ ಈಗ ನಮ್ಮ ಮನೆಯ ಉಪ್ಪಿನಲ್ಲಿ ಸಂಸಾರ ಹೂಡಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಅವು ಕೆಟ್ಟವಲ್ಲ, ಅದೇ ಭಯ. ಬ್ಯಾಕ್ಟೀರಿಯಾ ತಿಂದು ತಮ್ಮ ಪಾಡಿಗೆ ತಾವು ಬದುಕುವಂಥವು. ಕಣ್ಣಿನ ಮೇಲೆ ನೂಲಿನ ಕಸ ಗೀರಿದ ಒಂದು ಬಾಗಿಲು ಸಿಕ್ಕಿದೆ, ಹೊಕ್ಕಿವೆ.

ಮಿರಜದ ಆಸ್ಪತ್ರೆಯಲ್ಲಿ ಕಣ್ಣನ್ನು ಕೆರೆದು ನೋಡಿ ಅದನ್ನೇ ಹೇಳಿದರು. ಹಗಲಿಡೀ ತಾಸಿಗೊಮ್ಮೆ ಹನಿ ಹಾಕಬೇಕಿತ್ತು. ಮಳೆಗಾಲ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಬರುವ ಹೊತ್ತಿಗೆ ನೋವು ಹೋಯಿತು, ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಬಲಗಣ್ಣಿನ ಮೇಲೆ ಬಿಳಿ ಪೊರೆ ನಿಂತಿತು. ಅದರಿಂದ ಅವಳಿಗೆ ಬಾಗಿಲು ಯಾವ ಕಡೆ ಎಂಬುದಷ್ಟು ತಿಳಿಯುತ್ತಿತ್ತು.

ಅಣ್ಣ ಟಾಕಿಗೆ ಇಳಿದ. ನೀರೆಲ್ಲ ಹೊರಗೆ ಚೆಲ್ಲಿ, ಗೋಡೆ ಉಜ್ಜಿ, ಸುಣ್ಣ ಬಳಿದು, ಮೇಲಿನ ತಗಡು ಸರಿಸಿ ಬಿಸಿಲಿಗೆ ಒಣಗಿಸಿದ. ಟಾಕಿಯ ತಳವನ್ನು ನಾನು ಕಂಡದ್ದು ಅದೇ ಮೊದಲು. ಬಿಳಿಯ ನೆಲ, ಮೂಲೆಯಲ್ಲಿ ಅಜ್ಜನ ಕಾಲದ ಒಂದು ತುಕ್ಕುಹಿಡಿದ ಲಾಳಿಯ ಮೊನೆ. ‘ಇನ್ನ ಸಮಾಧಾನ ಆತೇನ?’ ಎಂದು ಅಣ್ಣ ಕೇಳಿದ. ಆಗಿತ್ತು. ಆದರೂ ಗೋಡೆ ಕಟ್ಟಿಕೊಂಡ ಒಂದೆರಡು ಎಲ್ಲಾದರೂ ಉಳಿದಿರಬಹುದೆಂದು, ಈ ನೀರನ್ನು ಕಣ್ಣಿಗೆ ಮುಟ್ಟಿಸಬೇಡಿರೆಂದು ಎಲ್ಲರಿಗೂ ಹೇಳಿದೆ, ಕುದಿಸಿ ಆರಿಸಿದ ನೀರನ್ನು ವೈನಿಗಾಗಿ ಬೇರೆ ಇಡತೊಡಗಿದೆ.

ವೈನಿ ಒಂದೇ ಕಣ್ಣಿನಲ್ಲಿ ಹಣಿಗೆ ತುಂಬುವುದನ್ನು ಕಲಿತಳು. ಕತ್ತನ್ನು ಕೋಳಿಯಂತೆ ಓರೆ ಮಾಡಿ ಕೂರುತ್ತಿದ್ದಳು. ಮೊದಲು ಎಳೆ ತಪ್ಪುತ್ತಿದ್ದವು, ಸಿಟ್ಟಿನಲ್ಲಿ ಕೊಕ್ಕೆ ಎಸೆಯುತ್ತಿದ್ದಳು. ಆಮೇಲಾಮೇಲೆ ತಪ್ಪಲಿಲ್ಲ. ಓಣಿಯವರು ಮತ್ತೆ ಕರೆಯತೊಡಗಿದರು. ಅವಳು ಮತ್ತೆ ನಗತೊಡಗಿದಳೆಂದು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕಾಲೇಜಿನಲ್ಲಿ ಹುಡುಗರ ಮೇಲೆ ರೇಗುವುದೂ ಕಡಿಮೆಯಾಗಿತ್ತು.

ಈ ವರ್ಷ ಪ್ರಾಯೋಗಿಕ ತರಗತಿಗೆ ನೀರಿನ ಮಾದರಿ ತರಲು ಹುಡುಗರಿಗೆ ಹೇಳಿದ್ದೆ. ಒಬ್ಬ ಬೀಳಗಿಯ ಕಡೆಯ ಹಿನ್ನೀರು ತಂದ, ಒಬ್ಬಳು ಕಾಲುವೆಯದು ತಂದಳು. ಸುಮ್ಮನೆ ಜೊತೆಗಿರಲೆಂದು ನಾನು ನಮ್ಮ ಟಾಕಿಯದನ್ನು ಒಯ್ದೆ. ತೊಳೆದು ಸುಣ್ಣ ಬಳಿದ ಟಾಕಿ, ಇದರಲ್ಲಿ ಹೆಚ್ಚೇನೂ ಕಾಣದು ಎಂದು ತೋರಿಸುವ ಲೆಕ್ಕ. ತಟ್ಟೆಗಳಲ್ಲಿ ಬೆಳೆ ಬಂದ ದಿನ ಹುಡುಗರೆಲ್ಲ ನೋಡಿದ ಮೇಲೆ ನಾನು ಕೊನೆಗೆ ಕಣ್ಣು ಹಚ್ಚಿದೆ. ನಮ್ಮ ಟಾಕಿಯ ತಟ್ಟೆಯೇ ಎಲ್ಲಕ್ಕಿಂತ ತುಂಬಿತ್ತು. ಬೀಸಣಿಗೆಯವು ಇದ್ದವು, ಮುಳ್ಳಿನವು ಇದ್ದವು, ಹಿಂದಿನ ತಟ್ಟೆಯಲ್ಲಿದ್ದಂತೆಯೇ ಇದ್ದವು. ಹೊಸ ನೀರಿನಲ್ಲಿ ಒಂದೆರಡು ಬಂದಿದ್ದರೆ ಒಪ್ಪಬಹುದಿತ್ತು. ಇದು ಹಳೆಯ ಒಕ್ಕಲು, ಊರಿಗೆ ಊರೇ ಮರಳಿ ಬಂದಿತ್ತು.

ಅರ್ಧ ದಿನದ ರಜೆ ಹಾಕಿ ಮನೆಗೆ ಬಂದೆ. ವೈನಿ ಹೊಸ ಬೀಮಿನ ಮುಂದೆ ಕತ್ತು ಓರೆ ಮಾಡಿ ಕೂತಿದ್ದಳು.

‘ವೈನಿ, ಟಾಕಿ ತೊಳದಾಗ ಹಳೀ ನೀರ ಪೂರಾ ಚೆಲ್ಲಿದ್ರಿಲ್ಲ?’

‘ಚೆಲ್ಲೀವಲ್ಲ. ನೀನ ನೋಡೀದೆಲ್ಲವಾ.’

‘ಒಂದ ಹನಿನೂ ಉಳಸಲಿಲ್ಲ?’

ಅವಳು ಕೊಕ್ಕೆ ನಿಲ್ಲಿಸಿದಳು. ಮುಖದಲ್ಲಿ ಮರೆಮಾಚುವ ಅಂಜಿಕೆ ಏನೂ ಇರಲಿಲ್ಲ, ತಾನು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಯಾರೋ ಕೊನೆಗೂ ಕೇಳಿದರೆಂಬ ಸಮಾಧಾನ ಇತ್ತು.

‘ಒಂದ ತಂಬಿಗಿ ತಗದ ದೇವರ ಜಗಲಿ ಕೆಳಗ ಇಟ್ಟಿದ್ನೆವಾ. ಹೊಸಾ ನೀರ ಬಿಟ್ಟಾಗ ಮೊದಲ ಅದನ್ನ ಹಾಕೀನಿ. ಬರಿದಾದ ಟಾಕಿಗೆ ಹಂಗ ನೀರ ಬಿಡಬಾರದು, ಮಗ್ಗ ನಿಲ್ಲತಾವು. ನಿಮ್ಮಣ್ಣಗ ಹೇಳಬ್ಯಾಡ, ಅಂವಗೂ ಗೊತ್ತಿಲ್ಲ.’

ಹಾಲಿಗೆ ಹೆಪ್ಪು ಹಾಕಿದಂತೆ ಹಾಕಿದ್ದಳು. ಯಾರನ್ನು ಬೈಯುವುದು? ಮನೆಯ ಮಗ್ಗ ನಿಲ್ಲದಿರಲೆಂದು, ತನ್ನ ಕಣ್ಣು ತಿಂದ ನೀರನ್ನೇ ಕಾಪಾಡಿ ಇಟ್ಟವಳು.

‘ನೀವ ಆ ನೀರ ಕಣ್ಣಿಗೆ ಹಾಕ್ಕೊಂಡೀರೇನ್ರಿ?’

‘ದಿನಾ ಇಲ್ಲ. ಧೂಳಾ ಭಾಳ ಬಿದ್ದಾಗಷ್ಟ. ನೀ ಕುದಿಸಿ ಇಟ್ಟ ನೀರ ಒಳಗ ಅಡಗಿಮನ್ಯಾಗ ಇರತೈತಿ. ಕಾಣೂ ಒಂದ ಕಣ್ಣೂ ಮುಚ್ಚಗೊಂಡ ಹೆಂಗ ಎದ್ದ ಹೋಗೂದು? ಹೆಂಗೂ ಟಾಕಿ ತೊಳದೈತೆಲ್ಲ.’ ಆಮೇಲೆ ಎಡಗಣ್ಣನ್ನು ಮುಂಗೈಯಿಂದ ಒತ್ತಿಕೊಂಡಳು. ‘ಮೊನ್ನಿಂದ ಇದೂ ಚುಚ್ಚಾಕತ್ತೈತಿ.’

ಅವಳನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ ರೆಪ್ಪೆ ಎತ್ತಿ ನೋಡಿದೆ. ಕಣ್ಣು ಕೆಂಪಾಗಿತ್ತು. ಬಳೆ ಇನ್ನೂ ಮೂಡಿರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ಬೆಳಕು ತಾಳದೆ ಅವಳು ಮುಖ ಹೊರಳಿಸಿದಳು.

‘ಏನರೆ ಕಾಣತೈತೇನವಾ?’

ನಾನು ಅಣ್ಣನನ್ನು ಕೂಗಿದೆ. ನನ್ನ ದನಿ ಹೇಗಿತ್ತೋ, ಅವನು ಏನು ಎಂದು ಕೇಳಲೂ ಇಲ್ಲ. ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದ. ಸದ್ದು ನಿಂತ ಮೇಲೆ ಶೆಡ್ಡಿನಲ್ಲಿ ನಳದಿಂದ ಟಾಕಿಗೆ ಹನಿ ಬೀಳುವುದು ಕೇಳಿಸಿತು. ಮಿರಜಕ್ಕೆ ಹೋಗಬೇಕು, ಈಗಲೇ, ಎಂದೆ. ಅವನು ವೈನಿಯ ಮುಖ ನೋಡಿ ಗಾಡಿ ತರಲು ಓಡಿದ.

ನಾನು ಅವಳ ರಟ್ಟೆ ಹಿಡಿದು ಎಬ್ಬಿಸಲು ನೋಡಿದೆ. ಅವಳು ಏಳಲಿಲ್ಲ. ಹಣಿಗೆಯ ಕೊನೆಯ ಅಂಚಿನಲ್ಲಿ ಇನ್ನೂ ಸ್ವಲ್ಪ ಎಳೆಗಳು ಸಡಿಲಾಗಿ ಜೋತಾಡುತ್ತಿದ್ದವು. ಅವಳು ಅವುಗಳನ್ನು ಬೆರಳಿನಿಂದ ಬಿಡಿಸಿ, ಕೊಕ್ಕೆ ಕೈಗೆತ್ತಿಕೊಂಡಳು.

‘ಗಾಡಿ ಬರೂತನಕ ತಡಿಯವಾ’ ಎಂದಳು. ‘ಕಣ್ಣ ಕಾಣೂದರಾಗ ಇದಿಷ್ಟ ಮುಗಿಸಿಬಿಡ್ತೀನಿ.’